ಮೈಯ ಮಾತು ಕೇಳಿ ಅಂತಾರೆ, ಕೇಳುವುದು ಹೇಗೆ?

ಬೆನ್ನುನೋವೆಂದು ಫಿಸಿಯೋಥೆರಪಿಸ್ಟ್ ಹತ್ತಿರ ಹೋದರೆ ವ್ಯಾಯಾಮದ ಜೊತೆಗೆ ಒಂದು ಮಾತು ಸೇರಿಸುತ್ತಾರೆ: "ಮಾಡುವಾಗ ಮೈಯಲ್ಲಿ ಏನಾಗುತ್ತಿದೆ ಗಮನಿಸಿ." ಆತಂಕವೆಂದು ಕೌನ್ಸೆಲರ್ ಹತ್ತಿರ ಹೋದರೂ ಅದೇ ಮಾತು. ಸಂಗೀತ ಕಲಿಸುವವರು "ಭುಜ ಬಿಗಿಯಾಗಿದೆ ನೋಡು" ಎನ್ನುತ್ತಾರೆ. ಕೈಗೆ ಕಟ್ಟಿದ ವಾಚು ಎದೆಬಡಿತ ಎಣಿಸುತ್ತದೆ. ಫೋನಿನ ಆ್ಯಪ್ ಉಸಿರಿನ ಕಡೆ ಗಮನ ಕೊಡಲು ಹೇಳುತ್ತದೆ. ಎಲ್ಲ ಕಡೆಯಿಂದ ಒಂದೇ ಸಲಹೆ. ಆದರೆ ಕೇಳಿದವರಿಗೆ ಗೊಂದಲ ಉಳಿಯುತ್ತದೆ. ಗಮನಿಸುವುದು ಅಂದರೆ ಏನನ್ನು? ಗಮನಿಸಿದರೆ ಆಗುವುದಾದರೂ ಏನು? ಸುಮ್ನೆ ಮೈಕಡೆ ಮನಸ್ಸಿಟ್ಟು ಕೂತರೆ ನೋವು ಕಡಿಮೆಯಾಗುತ್ತದಾ, ಪಾಠ ತಲೆಗೆ ಹತ್ತುತ್ತದಾ?

ಇದನ್ನು ಬುಡದಿಂದ ನೋಡೋಣ. ಮೈಮೇಲಿನ ಗಮನ ಜಾಸ್ತಿಯಾದಷ್ಟೂ ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಸಂಶೋಧನೆಗಳು ಹೇಳುವುದು ಅಷ್ಟು ಸರಳವಾಗಿಲ್ಲ. ಕೆಲವೊಮ್ಮೆ ಆ ಗಮನ ಔಷಧಿಯಂತೆ ಕೆಲಸ ಮಾಡುತ್ತದೆ, ಕೆಲವೊಮ್ಮೆ ಅದರಿಂದಲೇ ಕಾಟ. ವ್ಯತ್ಯಾಸ ಎಲ್ಲಿದೆ ಎಂದು ತಿಳಿಯಲು ಮೊದಲು ಮೈ ತನ್ನನ್ನು ತಾನು ಹೇಗೆ ಅರಿಯುತ್ತದೆ ಎಂದು ತಿಳಿಯಬೇಕು.

## ಐದು ಇಂದ್ರಿಯಗಳ ಆಚೆ

ಕಣ್ಣು ಮುಚ್ಚಿ, ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಮುಟ್ಟಿತು ಅಲ್ವಾ? ಕಣ್ಣಿಗೆ ಏನೂ ಕಾಣಲಿಲ್ಲ, ಕಿವಿಗೆ ಏನೂ ಕೇಳಲಿಲ್ಲ. ಹಾಗಾದರೆ ಬೆರಳಿಗೆ ದಾರಿ ತೋರಿಸಿದ್ದು ಯಾವುದು?

ನಮ್ಮ ಸ್ನಾಯುಗಳ ಒಳಗೆ ಕದಿರಿನ ಆಕಾರದ ಪುಟ್ಟ ಸಂವೇದಕಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಸುದ್ದಿಯನ್ನು ಅವು ಬಿಡುವಿಲ್ಲದೆ ಕಳಿಸುತ್ತಿರುತ್ತವೆ. ಸ್ನಾಯು ಮೂಳೆಗೆ ಅಂಟಿಕೊಳ್ಳುವ ಕಡೆ ಎಳೆತವನ್ನು ಅಳೆಯುವ ಬೇರೆ ಸಂವೇದಕಗಳಿವೆ. ಕೀಲುಗಳಲ್ಲಿ, ಚರ್ಮದಲ್ಲಿ ಇನ್ನಷ್ಟು. ಕೈಕಾಲು ಎಲ್ಲಿವೆ, ಹೇಗೆ ಮಡಚಿವೆ, ಎಷ್ಟು ಬಲ ಹಾಕುತ್ತಿವೆ ಎಂಬುದು ನಮಗೆ ಗೊತ್ತಾಗುವುದು ಇವೆಲ್ಲ ಸೇರಿದಾಗ. ಈ ಅರಿವಿಗೆ ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಷನ್ ಎಂದು ಹೆಸರಿಟ್ಟರು. ಇಲ್ಲಿ ನಾವು ಅದನ್ನು ಭಂಗಿಯ ಅರಿವು ಎಂದುಕೊಳ್ಳೋಣ.

ಇದು ಇಲ್ಲದೇ ಹೋದರೆ ಏನಾಗುತ್ತದೆ? ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅವರ ಕಥೆ ನರವಿಜ್ಞಾನ ಓದುವವರಿಗೆಲ್ಲ ಪರಿಚಿತ. 1971ರಲ್ಲಿ, 19ನೇ ವಯಸ್ಸಿನಲ್ಲಿ, ಸೋಂಕೊಂದು ಬಂದುಹೋದ ಮೇಲೆ ಅವರ ದೇಹದ ರೋಗನಿರೋಧಕ ಶಕ್ತಿಯೇ ಈ ಸುದ್ದಿ ಒಯ್ಯುವ ನರಗಳ ಮೇಲೆ ತಿರುಗಿಬಿತ್ತು. ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಹೋಯಿತು, ಭಂಗಿಯ ಅರಿವೂ ಹೋಯಿತು. ಸ್ನಾಯುಗಳಲ್ಲಿ ಬಲವಿತ್ತು. ನೋವು, ಬಿಸಿ, ತಂಪು ಗೊತ್ತಾಗುತ್ತಿತ್ತು. ಆದರೂ ಎದ್ದು ಕೂರಲು ಆಗುತ್ತಿರಲಿಲ್ಲ. ಕೈ ಎತ್ತಿದರೆ ಅದು ಎಲ್ಲೋ ಹೋಗುತ್ತಿತ್ತು. ಅವರು ಪಟ್ಟುಬಿಡದೆ ಮತ್ತೆ ನಡೆಯಲು ಕಲಿತರು. ಹೇಗೆಂದರೆ, ಪ್ರತಿ ಹೆಜ್ಜೆಯನ್ನೂ ಕಣ್ಣಿನಿಂದ ನೋಡಿ, ಲೆಕ್ಕ ಹಾಕಿ. ದೀಪ ಆರಿದರೆ ಕುಸಿದು ಬೀಳುತ್ತಿದ್ದರು. ನಾವು ಮಾತಾಡುತ್ತಾ, ಫೋನು ನೋಡುತ್ತಾ ಆರಾಮಾಗಿ ಮೆಟ್ಟಿಲು ಇಳಿಯುತ್ತೇವಲ್ಲ, ಅದರ ಹಿಂದೆ ಎಷ್ಟು ಕೆಲಸ ನಡೆಯುತ್ತಿರುತ್ತದೆ ಎಂದು ಇದರಿಂದ ಅಂದಾಜು ಮಾಡಬಹುದು.

ಈ ಅರಿವಿನ ಮೂಲದಲ್ಲಿ ಒಂದು ಪ್ರೋಟೀನ್ ಇದೆ. ಹೆಸರು ಪಿಯೆಜೊ2. ಜೀವಕೋಶದ ಪೊರೆ ಹಿಗ್ಗಿದಾಗ, ಅದುಮಿದಾಗ ಈ ಪ್ರೋಟೀನಿನ ಬಾಗಿಲು ತೆರೆದು ನರದಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ. ಇದನ್ನು 2010ರಲ್ಲಿ ಕಂಡುಹಿಡಿದ ತಂಡದ ಮುಖ್ಯಸ್ಥ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹುಟ್ಟಿನಿಂದಲೇ ಈ ಪ್ರೋಟೀನ್ ಕೆಲಸ ಮಾಡದ ಕೆಲವರು ಇದ್ದಾರೆ. ಕಣ್ಣು ತೆರೆದಿದ್ದರೆ ನಡೆಯುತ್ತಾರೆ, ಕಣ್ಣು ಕಟ್ಟಿದರೆ ತಡವರಿಸುತ್ತಾರೆ.

ಭಂಗಿಯ ಅರಿವಿಗೆ ಜೊತೆಯಾಗಿ ಸಮತೋಲದ ಅರಿವಿದೆ. ಅದು ಒಳಕಿವಿಯ ಕೆಲಸ. ಅಲ್ಲಿನ 3 ಅರ್ಧವೃತ್ತದ ನಾಳಗಳು ತಲೆ ತಿರುಗುವುದನ್ನು ಹೇಳುತ್ತವೆ. 2 ಪುಟ್ಟ ಚೀಲಗಳು ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳುತ್ತವೆ. ಗರಗರ ತಿರುಗಿ ನಿಂತಾಗ ಲೋಕವೇ ತಿರುಗಿದಂತೆ ಕಾಣುವುದು ನಾಳದೊಳಗಿನ ದ್ರವ ಇನ್ನೂ ನಿಲ್ಲದೇ ಇರುವುದರಿಂದ.

ಇನ್ನೊಂದು, ಒಳಮೈಯ ಅರಿವು. ವಿಜ್ಞಾನಿಗಳು ಇಂಟರೊಸೆಪ್ಷನ್ ಅನ್ನುತ್ತಾರೆ. ಹಸಿವು, ಬಾಯಾರಿಕೆ, ಉಸಿರುಗಟ್ಟುವುದು, ಎದೆ ಡವಗುಟ್ಟುವುದು, ಮೂತ್ರ ಬಂದಂತಾಗುವುದು ಎಲ್ಲ ಇದರಲ್ಲಿ ಸೇರಿವೆ. ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಇದರ ಮುಖ್ಯ ದಾರಿ. ಮೆದುಳು ಮೈಗೆ ಅಪ್ಪಣೆ ಕೊಡುವ ದಾರಿ ಅದು ಎಂದು ನಾವು ಭಾವಿಸಿರುತ್ತೇವೆ. ವಾಸ್ತವದಲ್ಲಿ ಅದರ ಎಳೆಗಳಲ್ಲಿ ಸುಮಾರು 80% ಸುದ್ದಿ ಒಯ್ಯುವುದು ಮೇಲ್ಮುಖವಾಗಿ, ಅಂದರೆ ಮೈಯಿಂದ ಮೆದುಳಿಗೆ. ಈ ಸುದ್ದಿಯನ್ನು ಒಟ್ಟುಗೂಡಿಸುವ ಜಾಗಗಳಲ್ಲಿ ಇನ್ಸುಲಾ ಎಂಬ ಭಾಗ ಮುಖ್ಯವಾದದ್ದು. ಅದು ಮೆದುಳಿನ ಮಡಿಕೆಯ ಒಳಗೆ ಅಡಗಿದೆ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

## ಮೆದುಳು ಊಹಿಸುತ್ತದೆ, ತಪ್ಪೂ ಮಾಡುತ್ತದೆ

ಇಷ್ಟೆಲ್ಲ ಸಂವೇದಕಗಳು ಇದ್ದ ಮೇಲೆ ಮೈಯ ಸ್ಥಿತಿ ಮೆದುಳಿಗೆ ಕನ್ನಡಿಯಂತೆ ಸ್ಪಷ್ಟವಾಗಿ ಕಾಣಬೇಕಲ್ಲ? ಹಾಗಿಲ್ಲ. ಮೆದುಳು ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕೂತು, ಬೇರೆ ಬೇರೆಯವರು ಮಾಡುವ ಫೋನ್ ಕರೆಗಳಿಂದ ಹೊರಗೆ ಏನಾಗುತ್ತಿದೆ ಎಂದು ಊಹಿಸುವವರ ಹಾಗೆ. ಕೆಲವು ಕರೆ ತಡವಾಗಿ ಬರುತ್ತವೆ, ಕೆಲವು ಸರಿಯಾಗಿ ಕೇಳಿಸುವುದಿಲ್ಲ. ಹಳೆಯ ಅನುಭವ ನೆನೆದು ಉಳಿದದ್ದನ್ನು ತುಂಬಿಕೊಳ್ಳಬೇಕು.

ಇದನ್ನು ತೋರಿಸುವ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ವ್ಯಕ್ತಿಯ ಒಂದು ಕೈಯನ್ನು ಪರದೆಯ ಹಿಂದೆ ಮರೆಮಾಡಿ, ಎದುರಿಗೆ ರಬ್ಬರ್ ಕೈ ಇಟ್ಟರು. ಎರಡನ್ನೂ ಒಂದೇ ಹೊತ್ತಿಗೆ, ಒಂದೇ ರೀತಿ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲೇ ಹಲವರಿಗೆ ಸ್ಪರ್ಶ ರಬ್ಬರ್ ಕೈಯಲ್ಲೇ ಆದಂತೆ ಅನಿಸಿತು. ಕಣ್ಣು ಮುಚ್ಚಿ ನಿಮ್ಮ ಕೈ ಎಲ್ಲಿದೆ ತೋರಿಸಿ ಎಂದರೆ ರಬ್ಬರ್ ಕೈಯ ಕಡೆಗೆ ಸರಿದು ತೋರಿಸಿದರು. ಹುಟ್ಟಿನಿಂದ ಜೊತೆಗಿದ್ದ ಕೈಯ ವಿಷಯದಲ್ಲೂ ಮೆದುಳನ್ನು ಇಷ್ಟು ಸುಲಭವಾಗಿ ಯಾಮಾರಿಸಬಹುದು!

ಮೆದುಳಿನಲ್ಲಿ ಮೈಯ ನಕ್ಷೆಯೂ ಇದೆ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಾಗಿದ್ದ ರೋಗಿಗಳ ಮೆದುಳಿನ ಮೇಲ್ಮೈಯನ್ನು ಸಣ್ಣ ವಿದ್ಯುತ್ತಿನಿಂದ ತಟ್ಟಿ, ಎಲ್ಲಿ ತಟ್ಟಿದರೆ ಮೈಯ ಯಾವ ಭಾಗದಲ್ಲಿ ಸಂವೇದನೆ ಹುಟ್ಟುತ್ತದೆ ಎಂದು ಗುರುತಿಸಿದರು. ತುಟಿ, ನಾಲಿಗೆ, ಬೆರಳುಗಳಿಗೆ ದೊಡ್ಡ ಜಾಗ. ಇಡೀ ಬೆನ್ನಿಗೆ ಸಣ್ಣ ಜಾಗ. ಬಳಸಿದ ಹಾಗೆ ಈ ನಕ್ಷೆ ಬದಲಾಗುತ್ತದೆ ಎಂಬುದು ಆಮೇಲೆ ತಿಳಿದ ಸಂಗತಿ. 1995ರ ಒಂದು ಅಧ್ಯಯನದಲ್ಲಿ ಪಿಟೀಲಿನಂಥ ತಂತಿವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮೆದುಳಿನಲ್ಲಿ ಹೆಚ್ಚು ಜಾಗ ಸಿಕ್ಕಿರುವುದು ಕಂಡಿತು. ಚಿಕ್ಕ ವಯಸ್ಸಿನಲ್ಲಿ ಕಲಿಯಲು ಶುರುಮಾಡಿದವರಲ್ಲಿ ಅದು ಇನ್ನೂ ಎದ್ದುಕಾಣುತ್ತಿತ್ತು.

ಹಾಗಾಗಿ ಮೈಯರಿವು ಎಂದರೆ ಮೆದುಳಿನ ಒಂದು ಊಹೆ. ಮೈಯಿಂದ ಬರುವ ಸುದ್ದಿಯಿಂದ ಅದನ್ನು ತಿದ್ದಬಹುದು. ಕಲಿಕೆ, ವಾಸಿಯಾಗುವುದು, ಅಭ್ಯಾಸ ಬಿಡುವುದು ಇವೆಲ್ಲದರಲ್ಲೂ ಆಗುವುದು ಈ ತಿದ್ದುಪಡಿಯೇ.

## ಕೈ ಪಳಗುವುದು

ಹೊಸ ಕೆಲಸವೊಂದನ್ನು ಕಲಿಯುವಾಗ ಮೊದಮೊದಲು ಎಲ್ಲ ಸ್ನಾಯುಗಳೂ ಬಿಗಿಯುತ್ತವೆ. ಬರೆಯಲು ಕಲಿಯುವ ಮಗುವನ್ನು ನೋಡಿ. ಪೆನ್ಸಿಲನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ನಾಲಿಗೆ ಹೊರಗೆ ಬಂದಿರುತ್ತದೆ, ಭುಜ ಕಿವಿಯ ಹತ್ತಿರ. ಪಳಗುತ್ತಾ ಹೋದಂತೆ ಬೇಡದ ಬಿಗಿ ಕಳಚಿಕೊಳ್ಳುತ್ತದೆ. ಯಾವುದು ಬೇಕು, ಯಾವುದು ಬೇಡ ಎಂದು ಮೆದುಳು ವಿಂಗಡಿಸುವುದು ಸ್ನಾಯುಗಳಿಂದ ಬರುವ ಸುದ್ದಿಯ ಆಧಾರದಲ್ಲಿ.

ಬಿಗಿ ಜಾಸ್ತಿಯಿದ್ದರೆ ಈ ಸುದ್ದಿಯಲ್ಲಿ ಸಣ್ಣ ವ್ಯತ್ಯಾಸ ಸಿಕ್ಕುವುದೇ ಇಲ್ಲ. 19ನೇ ಶತಮಾನದ ಜರ್ಮನಿಯಲ್ಲಿ ಅರ್ನ್ಸ್ಟ್ ವೆಬರ್ ಎಂಬುವರು ತೂಕಗಳನ್ನು ಎತ್ತಿಸಿ ಇದನ್ನು ಪರೀಕ್ಷಿಸಿದ್ದರು. ಕೈಯಲ್ಲಿ ಹಗುರ ವಸ್ತುವಿದ್ದರೆ ಸ್ವಲ್ಪ ಭಾರ ಸೇರಿಸಿದರೂ ಗೊತ್ತಾಗುತ್ತದೆ. ಭಾರವಾದದ್ದನ್ನು ಹೊತ್ತಿದ್ದರೆ ಅಷ್ಟೇ ಸೇರಿಸಿದ್ದು ಗಮನಕ್ಕೆ ಬರುವುದಿಲ್ಲ. ಈ ತತ್ವವನ್ನು ಮೋಶೆ ಫೆಲ್ಡೆನ್‌ಕ್ರೈಸ್ ತಮ್ಮ ಪಾಠದ ಅಡಿಗಲ್ಲು ಮಾಡಿಕೊಂಡರು. 1904ರಲ್ಲಿ ಈಗಿನ ಉಕ್ರೇನ್‌ನಲ್ಲಿ ಹುಟ್ಟಿದ ಅವರು ಭೌತವಿಜ್ಞಾನಿ, ಜೂಡೋ ಪಟು. ಮೊಣಕಾಲಿಗೆ ಪೆಟ್ಟಾದ ಮೇಲೆ ತಮ್ಮ ನಡಿಗೆಯನ್ನೇ ಅಧ್ಯಯನದ ವಿಷಯ ಮಾಡಿಕೊಂಡರು. ಅವರ ಪಾಠದಲ್ಲಿ ಚಲನೆಗಳು ಬಹಳ ಸಣ್ಣವು, ಬಹಳ ನಿಧಾನ. ಕಡಿಮೆ ಬಲ ಹಾಕಿದರೆ ಹೆಚ್ಚು ಗೊತ್ತಾಗುತ್ತದೆ ಎಂಬುದೇ ಅದರ ಲೆಕ್ಕಾಚಾರ. ಹಲ್ಲು ಕಚ್ಚಿ ಅಭ್ಯಾಸ ಮಾಡುವವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಯಾವುದಾದರೂ ವಾದ್ಯ ಕಲಿತವರಿಗೆ ನಿಧಾನದ ಅಭ್ಯಾಸದ ಬೆಲೆ ಗೊತ್ತೇ ಇರುತ್ತದೆ.

ಇದರ ಜೊತೆಗೇ ಇದಕ್ಕೆ ಎದುರಾದ ಸಂಗತಿಯೊಂದನ್ನೂ ನೋಡಬೇಕು. ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು 1998ರಲ್ಲಿ ಹಿಮದ ಮೇಲೆ ಜಾರುವ ಆಟದ ಯಂತ್ರವೊಂದನ್ನು ಬಳಸಿ ಪ್ರಯೋಗ ಮಾಡಿದರು. ಒಂದು ಗುಂಪಿಗೆ ತಮ್ಮ ಪಾದದ ಒತ್ತಡದ ಕಡೆ ಗಮನ ಕೊಡಲು ಹೇಳಿದರು. ಇನ್ನೊಂದು ಗುಂಪಿಗೆ ಪಾದದ ಕೆಳಗಿನ ಚಕ್ರಗಳ ಕಡೆ. ಚಕ್ರದ ಕಡೆ ಗಮನ ಕೊಟ್ಟವರೇ ಚೆನ್ನಾಗಿ ಕಲಿತರು! ಆಮೇಲೆ ಎಷ್ಟೋ ಆಟಗಳಲ್ಲಿ, ಎಷ್ಟೋ ಪ್ರಯೋಗಗಳಲ್ಲಿ ಹೀಗೇ ಆಗಿದೆ. ಚೆಂಡು ಎಸೆಯುವಾಗ ಮೊಣಕೈಯ ಬಗ್ಗೆ ಯೋಚಿಸುವವರಿಗಿಂತ ಗುರಿಯ ಬಗ್ಗೆ ಯೋಚಿಸುವವರ ಎಸೆತ ನೇರವಾಗಿರುತ್ತದೆ. ತಾನಾಗಿಯೇ ನಡೆಯುವ ಚಲನೆಯನ್ನು ನಾವು ಬುದ್ಧಿಯಿಂದ ಹಿಡಿಯಹೊರಟರೆ ಅದು ಮುಗ್ಗರಿಸುತ್ತದೆ ಎಂಬುದು ವುಲ್ಫ್ ಅವರ ವಿವರಣೆ. ಪರೀಕ್ಷೆಯಲ್ಲೋ ವೇದಿಕೆಯಲ್ಲೋ ಚೆನ್ನಾಗಿ ಬರುತ್ತಿದ್ದದ್ದು ಕೈಕೊಡುವುದೂ ಎಷ್ಟೋ ಸಲ ಇದರಿಂದಲೇ.

ಹಾಗಾದರೆ ಯಾವುದು ಸರಿ? ನನಗೆ ಕಾಣುವಂತೆ ಎರಡೂ ಬೇರೆ ಬೇರೆ ಹೊತ್ತಿನ ಮಾತು. ಚಲನೆಯನ್ನು ಬಿಡಿಸಿ ನೋಡುವಾಗ, ಹಳೆಯ ತಪ್ಪನ್ನು ಹುಡುಕುವಾಗ, ನಿಧಾನವಾಗಿ ಮಾಡುವಾಗ ಮೈಕಡೆ ಗಮನ ಬೇಕು. ಕೆಲಸವನ್ನು ನಿಜವಾಗಿ ಮಾಡುವ ಹೊತ್ತಿಗೆ ಗಮನ ಕೆಲಸದ ಮೇಲೇ ಇರಬೇಕು.

## ತಪ್ಪೇ ಸರಿ ಅನಿಸಿದಾಗ

ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದರು. ವೇದಿಕೆಯ ಮೇಲೆ ನಾಟಕದ ಭಾಗಗಳನ್ನು ವಾಚಿಸುವುದು ಅವರ ಕಸುಬು. ವಾಚಿಸುವಾಗ ಗಂಟಲು ಕೂರುತ್ತಿತ್ತು. ವೈದ್ಯರು ವಿಶ್ರಾಂತಿ ಹೇಳಿದರು. ವಿಶ್ರಾಂತಿಯಲ್ಲಿ ಸರಿಹೋದ ಗಂಟಲು ವೇದಿಕೆ ಹತ್ತಿದರೆ ಮತ್ತೆ ಕೂರುತ್ತಿತ್ತು. ಹಾಗಾದರೆ ವಾಚಿಸುವಾಗ ನಾನೇ ಏನೋ ಮಾಡುತ್ತಿದ್ದೇನೆ ಎಂದು ಅವರು ಕನ್ನಡಿಯ ಮುಂದೆ ನಿಂತರು. ಬಾಯಿ ತೆರೆಯುವ ಹೊತ್ತಿಗೆ ತಲೆಯನ್ನು ಹಿಂದಕ್ಕೆ ಎಳೆದು, ಗಂಟಲನ್ನು ಅದುಮಿ, ಉಸಿರನ್ನು ಸದ್ದಾಗುವಂತೆ ಎಳೆದುಕೊಳ್ಳುತ್ತಿದ್ದುದು ಕಂಡಿತು.

ಕಥೆಯ ಮುಖ್ಯ ಭಾಗ ಇನ್ನು ಮುಂದಿದೆ. ತಲೆಯನ್ನು ಮುಂದಕ್ಕೆ ತರಲು ಅವರು ಪ್ರಯತ್ನಪಟ್ಟರು. ಮುಂದೆ ತಂದೆ ಅನಿಸಿತು. ಕನ್ನಡಿಯಲ್ಲಿ ನೋಡಿದರೆ ತಲೆ ಹಿಂದಕ್ಕೇ ಹೋಗಿತ್ತು. ವರ್ಷಗಟ್ಟಲೆ ಮಾಡಿದ ಅಭ್ಯಾಸ ಎಷ್ಟು ಒಗ್ಗಿಹೋಗಿರುತ್ತದೆ ಅಂದರೆ, ಅದೇ ನೆಟ್ಟಗಿರುವುದು ಎಂದು ಮೆದುಳು ಒಪ್ಪಿಕೊಂಡಿರುತ್ತದೆ. ನಿಜವಾಗಿ ನೆಟ್ಟಗಾದರೆ ಸೊಟ್ಟಗಾದಂತೆ ಅನಿಸುತ್ತದೆ. ಹೀಗಾಗಿ 'ಮೈಗೆ ಸರಿ ಅನಿಸಿದ್ದನ್ನು ಮಾಡಿ' ಎಂಬ ಸಲಹೆ ಯಾವಾಗಲೂ ಸುರಕ್ಷಿತವಲ್ಲ. ಮೊದಲು ಅನಿಸಿಕೆಯನ್ನೇ ಪರೀಕ್ಷಿಸಬೇಕು. ಕನ್ನಡಿ, ವಿಡಿಯೋ, ಪಳಗಿದ ಗುರುವಿನ ಕೈ, ಇವು ಅದಕ್ಕೆ ನೆರವಾಗುತ್ತವೆ.

ಅಲೆಕ್ಸಾಂಡರ್ ತಮ್ಮ ವಿಧಾನವನ್ನು 1904ರಿಂದ ಲಂಡನ್ನಿನಲ್ಲಿ ಕಲಿಸಿದರು. ನೂರು ವರ್ಷ ಕಳೆದ ಮೇಲೆ ಅದರ ದೊಡ್ಡ ಪರೀಕ್ಷೆ ನಡೆಯಿತು. ದೀರ್ಘಕಾಲದ ಬೆನ್ನುನೋವಿದ್ದ 579 ಜನರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಈ ಅಧ್ಯಯನ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸಾಮಾನ್ಯ ಚಿಕಿತ್ಸೆ ಮಾತ್ರ ಪಡೆದವರಿಗೆ ವರ್ಷದ ಕೊನೆಯಲ್ಲಿ ತಿಂಗಳಿಗೆ 21 ದಿನ ನೋವಿರುತ್ತಿತ್ತು. 24 ಪಾಠ ಕಲಿತವರಲ್ಲಿ ಅದು 3 ದಿನಕ್ಕೆ ಇಳಿದಿತ್ತು. ಮಸಾಜ್ ಪಡೆದವರಿಗೂ ಸ್ವಲ್ಪ ಲಾಭವಾಗಿತ್ತು, ಆದರೆ ಇಷ್ಟಲ್ಲ. ಹಾಗೆಂದು ಈ ವಿಧಾನದವರು ಹೇಳಿಕೊಳ್ಳುವ ಎಲ್ಲ ಲಾಭಗಳಿಗೂ ಇಂಥ ಪುರಾವೆ ಇದೆ ಎಂದುಕೊಳ್ಳಬಾರದು. ಬೆನ್ನುನೋವಿನ ಮಟ್ಟಿಗೆ ಇದೆ.

## ನೋವು, ಪೆಟ್ಟು, ವಾಸಿ

ಪೆಟ್ಟು ಮಾಗಿದ ಮೇಲೂ ಕೆಲವರಿಗೆ ನೋವು ಹೋಗುವುದಿಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ. ಸುತ್ತಲಿನವರಿಗೆ ಅನುಮಾನ, ಅವರಿಗೆ ಬೇಸರ. ನೋವು ನಿಜವಾದದ್ದೇ. ಆದರೆ ಅದರ ಕಾರಣ ಬರೀ ಸ್ನಾಯುವಿನಲ್ಲಿ ಇಲ್ಲದಿರಬಹುದು.

ಆಸ್ಟ್ರೇಲಿಯಾದ ನೋವಿನ ಸಂಶೋಧಕ ಲೊರಿಮರ್ ಮೋಸ್ಲಿ ದೀರ್ಘಕಾಲದ ಬೆನ್ನುನೋವಿನ ಕೆಲವು ರೋಗಿಗಳಿಗೆ ತಮ್ಮ ಬೆನ್ನಿನ ಚಿತ್ರ ಬರೆಯಲು ಹೇಳಿದರು. ಕನ್ನಡಿ ನೋಡಬಾರದು, ಮುಟ್ಟಬಾರದು, ಒಳಗಿನಿಂದ ಹೇಗೆ ಅನಿಸುತ್ತದೋ ಹಾಗೆ ಬರೆಯಬೇಕು. ನೋವಿದ್ದ ಕಡೆ ಗೆರೆ ತಪ್ಪಿತು. ಅಲ್ಲಿ ಬೆನ್ನು ಎಲ್ಲಿದೆಯೆಂದೇ ಸಿಗುತ್ತಿಲ್ಲ ಎಂದರು. ಅದೇ ಜಾಗದಲ್ಲಿ ಚರ್ಮವನ್ನು ಎರಡು ಕಡೆ ಚುಚ್ಚಿದರೆ ಒಂದೋ ಎರಡೋ ಎಂದು ಹೇಳುವುದೂ ಕಷ್ಟವಾಯಿತು. ಅಂದರೆ ನೋವಿನ ಜಾಗದ ನಕ್ಷೆಯೇ ಮಸುಕಾಗಿತ್ತು.

ಆ ಮಸುಕು ತೆಗೆದರೆ? 2008ರಲ್ಲಿ ಮೋಸ್ಲಿ ಮತ್ತು ಸಂಗಡಿಗರು ಕೈ ಅಥವಾ ಕಾಲಿನಲ್ಲಿ ದೀರ್ಘಕಾಲದ ನೋವಿದ್ದವರ ಮೇಲೆ ಇದನ್ನು ಪರೀಕ್ಷಿಸಿದರು. ನೋವಿನ ಭಾಗವನ್ನು ಬೇರೆ ಬೇರೆ ಗಾತ್ರದ ತುದಿಗಳಿಂದ ಬೇರೆ ಬೇರೆ ಕಡೆ ಒತ್ತಿದರು. ಸುಮ್ನೆ ಒತ್ತಿಸಿಕೊಂಡಾಗ ನೋವು ಕಡಿಮೆಯಾಗಲಿಲ್ಲ. 'ಎಲ್ಲಿ ಒತ್ತಿದರು, ದೊಡ್ಡದೋ ಚಿಕ್ಕದೋ' ಎಂದು ಗುರುತಿಸುವ ಕೆಲಸ ಕೊಟ್ಟಾಗ ನೋವು ಇಳಿಯಿತು. ಎರಡರಲ್ಲೂ ಸ್ಪರ್ಶ ಒಂದೇ. ವ್ಯತ್ಯಾಸವನ್ನು ಗುರುತಿಸುವ ಕೆಲಸ ಮಾತ್ರ ಹೊಸದು. ಮೈಯನ್ನು ಗಮನಿಸಿ ಎನ್ನುವವರು ಏನನ್ನು ಗಮನಿಸಬೇಕೆಂದು ಹೇಳಬೇಕೋ, ಅದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ನಾನು ನೋಡಿಲ್ಲ: ವ್ಯತ್ಯಾಸಗಳನ್ನು.

ಕಾಲು ಉಳುಕಿದ ಮೇಲೆ ಒಂಟಿಕಾಲಿನಲ್ಲಿ, ಅಲುಗುವ ಹಲಗೆಯ ಮೇಲೆ ನಿಲ್ಲಿಸುವುದೂ ಇದಕ್ಕೇ. ಗಾಯಗೊಂಡ ಕೀಲಿನಿಂದ ಬರುವ ಸುದ್ದಿ ಕೆಟ್ಟಿರುತ್ತದೆ. ಅದನ್ನು ಮತ್ತೆ ಹದಗೊಳಿಸಿದರೆ ಅದೇ ಕಾಲು ಮತ್ತೊಮ್ಮೆ ಉಳುಕುವುದು ಕಡಿಮೆಯಾಗುತ್ತದೆ. ಕೈ ಕತ್ತರಿಸಿ ತೆಗೆದ ಮೇಲೂ ಆ ಇಲ್ಲದ ಕೈಯಲ್ಲಿ ನೋವು ಕಾಣುವವರಿಗೆ, ಉಳಿದಿರುವ ಕೈಯ ಪ್ರತಿಬಿಂಬವನ್ನು ಕನ್ನಡಿಯಲ್ಲಿ ತೋರಿಸುವ ಚಿಕಿತ್ಸೆಯನ್ನು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಮುಂದಿಟ್ಟರು. ಅದು ಕೆಲವರಿಗೆ ಹಿಡಿಸಿತು, ಎಲ್ಲರಿಗೂ ಅಲ್ಲ.

ಮನಸ್ಸಿನ ಗಾಯದ ವಿಷಯ ಹೆಚ್ಚು ನಾಜೂಕು. ಹಿಂಸೆ, ಅಪಘಾತದಂಥ ಆಘಾತ ಕಂಡವರಲ್ಲಿ ಮೈ ಸದಾ ಕಟ್ಟೆಚ್ಚರದಲ್ಲಿರುತ್ತದೆ, ಇಲ್ಲವೇ ಮರಗಟ್ಟಿರುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಚಿಕಿತ್ಸೆಗೆ ಬಗ್ಗದ ಆಘಾತದ ಕಾಯಿಲೆಯಿದ್ದ 64 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ 10 ವಾರ ನಿಧಾನದ ಯೋಗ ಕಲಿಸಿದರು. ಉಳಿದವರಿಗೆ ಆರೋಗ್ಯದ ಪಾಠಗಳು. ಕೊನೆಗೆ ಯೋಗದ ಗುಂಪಿನ 52% ಮಹಿಳೆಯರಲ್ಲಿ ಕಾಯಿಲೆಯ ಲಕ್ಷಣ ರೋಗನಿರ್ಣಯದ ಮಟ್ಟಕ್ಕಿಂತ ಕೆಳಗಿಳಿದಿತ್ತು. ಇನ್ನೊಂದರಲ್ಲಿ 21%. ಅಧ್ಯಯನ ಚಿಕ್ಕದು. ಯಾವ ಚಲನೆ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ಆಯ್ಕೆ ಅವರ ಕೈಯಲ್ಲೇ ಇತ್ತು ಎಂಬುದನ್ನು ಮರೆಯಬಾರದು.

## ಗಮನವೇ ಕಾಟವಾದಾಗ

ಪ್ಯಾನಿಕ್ ಕಾಯಿಲೆ ಇರುವವರಿಗೆ ಮೈಮೇಲಿನ ಗಮನಕ್ಕೆ ಬರ ಇರುವುದಿಲ್ಲ. ಎದೆಬಡಿತ ಸ್ವಲ್ಪ ಏರಿದರೂ ಗೊತ್ತಾಗುತ್ತದೆ. ಹೃದಯಾಘಾತವೇ ಇರಬೇಕು ಅನಿಸುತ್ತದೆ. ಆ ಭಯಕ್ಕೆ ಬಡಿತ ಇನ್ನೂ ಏರುತ್ತದೆ. ಭಯ ದುಪ್ಪಟ್ಟಾಗುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುಳಿಯನ್ನು ವಿವರಿಸಿದರು. ಇಲ್ಲಿ ಸಮಸ್ಯೆಯಿರುವುದು ಸಂವೇದನೆಗೆ ಕೊಡುವ ಅರ್ಥದಲ್ಲಿ. ಹಾಗಾಗಿ ಚಿಕಿತ್ಸೆಯಲ್ಲಿ ಬೇಕೆಂದೇ ನಿಂತಲ್ಲೇ ಓಡಿಸಿ, ಕುರ್ಚಿಯಲ್ಲಿ ತಿರುಗಿಸಿ ಎದೆ ಬಡಿಯುವಂತೆ, ತಲೆ ಸುತ್ತುವಂತೆ ಮಾಡುತ್ತಾರೆ. ಬಡಿತ ಏರಿತು, ತಾನಾಗಿಯೇ ಇಳಿಯಿತು, ಏನೂ ಆಗಲಿಲ್ಲ. ಮೆದುಳಿನ ಊಹೆ ತಿದ್ದಿಕೊಳ್ಳುವುದು ಹೀಗೆ. ಇದನ್ನು ಮಾಡುವುದು ತಜ್ಞರ ಜೊತೆಯಲ್ಲೇ.

ನಮ್ಮ ಅನಿಸಿಕೆ ಎಷ್ಟು ನಿಖರ ಎಂಬುದೂ ಬೇರೆಯೇ ಪ್ರಶ್ನೆ. 1981ರಲ್ಲಿ ಜರ್ಮನಿಯ ರೈನರ್ ಶಾಂಡ್ರಿ ಒಂದು ಪರೀಕ್ಷೆ ಬಳಸಿದರು. ನಾಡಿ ಹಿಡಿಯದೆ ಎದೆಬಡಿತ ಎಣಿಸಬೇಕು, ಯಂತ್ರದ ಎಣಿಕೆಯ ಜೊತೆ ಹೋಲಿಸಬೇಕು. ಈ ಪರೀಕ್ಷೆ ಬಹಳ ಹೆಸರು ಮಾಡಿತು. ಆಮೇಲೆ ಅದರ ಮೇಲೆ ಆಕ್ಷೇಪಗಳೂ ಬಂದವು: ನಿಮಿಷಕ್ಕೆ 70ರ ಸುಮಾರು ಇರುತ್ತದೆ ಎಂದು ಗೊತ್ತಿದ್ದವರು ಅಂದಾಜಿನಿಂದಲೇ ಹೇಳಬಹುದಲ್ಲ! ತನ್ನ ಮೈ ತನಗೆ ಚೆನ್ನಾಗಿ ಗೊತ್ತು ಎನ್ನುವವರೆಲ್ಲ ಪರೀಕ್ಷೆಯಲ್ಲಿ ಮುಂದಿರುವುದಿಲ್ಲ. ನಂಬಿಕೆಗೂ ನಿಖರತೆಗೂ ಹೊಂದಾಣಿಕೆ ಕಡಿಮೆ.

## ಕಲಿಸುವವರ ಪಾಲು

ಕಲಿಸುವವರಿಗೆ ಒಂದು ವಿಚಿತ್ರ ತೊಡಕು ಇದೆ. ಪಳಗಿದ ಕೈಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. ಇಪ್ಪತ್ತು ವರ್ಷ ಕೆಲಸ ಮಾಡಿದವರನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದರೆ "ಹೀಗೇ" ಎಂದು ಮಾಡಿ ತೋರಿಸುತ್ತಾರೆ, ಅಷ್ಟೇ. ಅವರು ತಮ್ಮ ಚಲನೆಯನ್ನು ನಿಧಾನಮಾಡಿ ಮತ್ತೆ ಅನುಭವಿಸಿದರೆ ಮಾತ್ರ ಅದು ವಿವರಣೆಗೆ ಸಿಗುತ್ತದೆ.

ಗಣಿತದಂಥ ವಿಷಯದಲ್ಲೂ ಮೈಗೆ ಪಾತ್ರವಿದೆ. ಶಿಕಾಗೊ ವಿಶ್ವವಿದ್ಯಾಲಯದ ಸೂಸನ್ ಗೋಲ್ಡಿನ್-ಮೆಡೊ ಅವರ ತಂಡ ಸಮೀಕರಣ ಕಲಿಯುವ ಮಕ್ಕಳಿಗೆ ಕೈಸನ್ನೆಯೊಂದನ್ನು ಹೇಳಿಕೊಟ್ಟಿತು. ಕೂಡಿಸಬೇಕಾದ ಎರಡು ಸಂಖ್ಯೆಗಳ ಕೆಳಗೆ ಎರಡು ಬೆರಳು, ಆಮೇಲೆ ಖಾಲಿ ಜಾಗದ ಕಡೆ ಬೆರಳು. ಸನ್ನೆ ಮಾಡುತ್ತಾ ಕಲಿತವರು ಸನ್ನೆ ಇಲ್ಲದೆ ಕಲಿತವರಿಗಿಂತ ಚೆನ್ನಾಗಿ ಬಿಡಿಸಿದರು. ಸನ್ನೆಯಲ್ಲಿದ್ದ ಉಪಾಯವನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೈ ಆಡಿಸಬೇಡ, ನೆಟ್ಟಗೆ ಕೂರು ಎಂದು ಗದರುವ ಮೊದಲು ಇದನ್ನು ನೆನೆಯಬಹುದು.

ತಿದ್ದುವ ಮಾತಿಗಿಂತ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. "ಭುಜ ಇಳಿಸು" ಎಂದರೆ ಇಳಿಸುತ್ತಾರೆ, ಎರಡು ನಿಮಿಷದಲ್ಲಿ ಮತ್ತೆ ಏರಿರುತ್ತದೆ. "ಯಾವ ಭುಜ ಮೇಲಿದೆ?" ಎಂದರೆ ಹುಡುಕುತ್ತಾರೆ. ಮುಟ್ಟಿ ತಿದ್ದುವುದಾದರೆ ಕೇಳಿಯೇ ಮುಟ್ಟಬೇಕು.

## ಬಿಡಲಾಗದ ಅಭ್ಯಾಸಗಳು

ಮುಂದಿರುವುದು ಇನ್ಸುಲಾ ಕಥೆ. ಪಾರ್ಶ್ವವಾಯುವಿನಂಥ ಕಾರಣದಿಂದ ಮೆದುಳಿಗೆ ಹಾನಿಯಾದ ಧೂಮಪಾನಿಗಳ ಮೇಲಿನ ಅಧ್ಯಯನವೊಂದು 2007ರಲ್ಲಿ ಬಂತು. ಇನ್ಸುಲಾಗೆ ಪೆಟ್ಟಾದವರಲ್ಲಿ ಹಲವರು ಸಿಗರೇಟನ್ನು ಇದ್ದಕ್ಕಿದ್ದಂತೆ, ಕಷ್ಟವಿಲ್ಲದೆ ಬಿಟ್ಟಿದ್ದರು. ಸೇದುವ ತವಕವನ್ನು ತನ್ನ ಮೈಯೇ ಮರೆತುಬಿಟ್ಟಿತು ಎಂದು ಒಬ್ಬ ರೋಗಿ ಹೇಳಿದ್ದ. ಚಟದ ತವಕ ಬರೀ ಯೋಚನೆಯಲ್ಲ, ಮೈಯಲ್ಲಿ ಹುಟ್ಟುವ ಸಂವೇದನೆಯೂ ಹೌದು ಎಂಬುದಕ್ಕೆ ಇದು ದೊಡ್ಡ ಸುಳಿವು.

ಮೆದುಳಿಗೆ ಹಾನಿಯಿಲ್ಲದವರು ಇದನ್ನು ಬಳಸಿಕೊಳ್ಳುವ ದಾರಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ರೂಪಿಸಿದರು. ತವಕ ಬಂದಾಗ ಅದರ ಜೊತೆ ಗುದ್ದಾಡಬಾರದು, ಅದಕ್ಕೆ ಮಣಿಯಲೂಬಾರದು. ಅದು ಮೈಯಲ್ಲಿ ಎಲ್ಲಿದೆ ಎಂದು ನೋಡಬೇಕು. ಗಂಟಲಲ್ಲೋ, ಎದೆಯಲ್ಲೋ, ಕೈಯಲ್ಲೋ? ಏರುತ್ತಿದೆಯೋ, ಇಳಿಯುತ್ತಿದೆಯೋ? ತವಕ ಒಂದು ಮಟ್ಟಕ್ಕೆ ಏರಿ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಇದನ್ನು ಕೆಲವು ಸಲ ನೋಡಿದವರಿಗೆ, ಸೇದದೇ ಇದ್ದರೆ ಇದು ಹೋಗುವುದೇ ಇಲ್ಲ ಎಂಬ ಭಯ ಕಡಿಮೆಯಾಗುತ್ತದೆ.

ಸಿಟ್ಟಿಗೂ ಇದು ಹೊಂದುತ್ತದೆ. ಸಿಟ್ಟು ಬಾಯಿಗೆ ಬರುವ ಮೊದಲೇ ದವಡೆ ಬಿಗಿದಿರುತ್ತದೆ, ಮುಖ ಬಿಸಿಯಾಗಿರುತ್ತದೆ, ಉಸಿರು ಮೇಲೆ ಸಿಕ್ಕಿಕೊಂಡಿರುತ್ತದೆ. ಅಲ್ಲೇ ಗುರುತಿಸಿದರೆ ಒಂದು ಕ್ಷಣದ ಬಿಡುವು ಸಿಗುತ್ತದೆ. ಆದರೆ ತನಗೆ ಏನಾಗುತ್ತಿದೆ ಎಂದು ಹೆಸರಿಸಲು ಆಗದವರೂ ಬಹಳ ಜನ ಇದ್ದಾರೆ. ಹೊಟ್ಟೆ ತೊಳಸಿದ್ದು ಗೊತ್ತಾಗುತ್ತದೆ, ಹೆದರಿಕೆ ಎಂದು ಗೊತ್ತಾಗುವುದಿಲ್ಲ. ಈ ಸ್ಥಿತಿಗೆ ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯರು 1970ರ ದಶಕದಲ್ಲಿ ಅಲೆಕ್ಸಿಥೈಮಿಯಾ ಎಂದು ಹೆಸರು ಕೊಟ್ಟರು. ಇಂಥವರಿಗೆ "ನಿಮಗೆ ಏನನಿಸುತ್ತಿದೆ?" ಎಂಬ ಪ್ರಶ್ನೆಗಿಂತ "ಮೈಯಲ್ಲಿ ಎಲ್ಲಿ, ಹೇಗೆ?" ಎಂಬ ಪ್ರಶ್ನೆ ಸುಲಭ.

## ಶುರು ಮಾಡುವುದಾದರೆ

ಹೆಚ್ಚು ಜನರು ಬಳಸುವ ಅಭ್ಯಾಸ ಬಾಡಿ ಸ್ಕ್ಯಾನ್. ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲದ ನೋವಿದ್ದವರಿಗಾಗಿ ಶುರುಮಾಡಿದ 8 ವಾರಗಳ ತರಬೇತಿಯ ಭಾಗ ಇದು. ಮಲಗಿ ಕಾಲ್ಬೆರಳಿನಿಂದ ತಲೆಯವರೆಗೆ ಒಂದೊಂದೇ ಭಾಗದ ಮೇಲೆ ಗಮನ ಸರಿಸುತ್ತಾ ಹೋಗುವುದು. ಬದಲಾಯಿಸಲು ಹೋಗಬಾರದು, ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ ಎಂದು ನೋಡಿದರೆ ಸಾಕು. ಯಾವುದೋ ಭಾಗದಲ್ಲಿ ಏನೂ ಗೊತ್ತಾಗದಿದ್ದರೆ ಅದೂ ಒಂದು ಮಾಹಿತಿಯೇ. ಮಧ್ಯದಲ್ಲಿ ನಿದ್ದೆ ಬರುವುದು ಸಾಮಾನ್ಯ, ಅದಕ್ಕೆ ನಾಚಿಕೆ ಬೇಡ.

ಮಲಗಲು ಸಮಯವಿಲ್ಲದವರು ಗೋಡೆಯ ಪಕ್ಕ ಪಾದ ಜೋಡಿಸಿ ನಿಂತು, ಕಣ್ಣು ಮುಚ್ಚಿ ನೋಡಬಹುದು. ಸಣ್ಣಗೆ ತೂಗಾಡುತ್ತೀರಿ. ಯಾವ ಕಡೆಗೆ ಜಾಸ್ತಿ? ಭಾರ ಹಿಮ್ಮಡಿಯ ಮೇಲೋ, ಬೆರಳುಗಳ ಮೇಲೋ? ಕಣ್ಣು ಮುಚ್ಚಿದ ಕೂಡಲೇ ಬೀಳುವಂತಾದರೆ ವೈದ್ಯರಿಗೆ ತೋರಿಸಬೇಕು. 19ನೇ ಶತಮಾನದಲ್ಲಿ ಜರ್ಮನಿಯ ಮೊರಿಟ್ಝ್ ರೋಂಬರ್ಗ್ ವಿವರಿಸಿದ ಈ ಪರೀಕ್ಷೆಯನ್ನು ನರರೋಗ ತಜ್ಞರು ಇಂದಿಗೂ ಮಾಡುತ್ತಾರೆ.

ಗಮನ ಒಳಗೆ ಹೋದಾಗ ಹಳೆಯ ಆಘಾತದ ನೆನಪು ನುಗ್ಗಿ ಬಂದರೆ, ಭಯ ಏರುತ್ತಾ ಹೋದರೆ, ಕಣ್ಣು ತೆರೆದು ಎದುರಿಗಿರುವ ವಸ್ತುಗಳನ್ನು ನೋಡಿ, ನೆಲವನ್ನು ಪಾದದಿಂದ ಒತ್ತಿ, ಅಭ್ಯಾಸ ನಿಲ್ಲಿಸಿ. ಮುಂದೆ ಮಾಡುವುದಾದರೆ ಒಬ್ಬರೇ ಮಾಡಬೇಡಿ, ಮನೋಚಿಕಿತ್ಸಕರ ಜೊತೆ ಮಾಡಿ. ಎದೆ ಹಿಂಡಿದಂತೆ ನೋವು, ಮೈಯ ಒಂದು ಪಕ್ಕ ಇದ್ದಕ್ಕಿದ್ದಂತೆ ಮರಗಟ್ಟುವುದು, ಮಾತು ತೊದಲುವುದು ಕಂಡರೆ ಗಮನಿಸುತ್ತಾ ಕೂರುವ ಹೊತ್ತಲ್ಲ ಅದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.